ಮೂರನೇ ಸಲಕ್ಕೆ ಮೈಗೆ ಕೂತ ಹತ್ತಿ ನೂಲಿನ ಲೇಸ್ ಟಾಪ್

"ಈ ಬಿಸಲಾಗ ಸ್ವೆಟರ್ ಹೆಣಿಲಾಕತ್ತೀದಿ ಏನವ್ವಾ?" ಅಂತ ನಮ್ಮ ಅತ್ತಿ ಕೇಳಿದ ದಿನ ಕಲಬುರಗಿಯಲ್ಲಿ 42 ಡಿಗ್ರಿ. ಸ್ವೆಟರ್ ಅಲ್ಲ ಅತ್ತಿ, ಬೇಸಿಗೆ ಟಾಪ್ ಅಂದೆ. ಅವರು ನಂಬಲಿಲ್ಲ. ಮೊದಲೆರಡು ಟಾಪ್ ಕೆಟ್ಟ ಮೇಲೆ ನನಗೂ ನಂಬಿಕೆ ಹೋಗಿತ್ತು.

ಮೊದಲನೆಯದು ಅಕ್ರಿಲಿಕ್. ಮನೆಯಲ್ಲಿ ಉಳಿದಿತ್ತು, ಸುಮ್ನೆ ದುಡ್ಡು ಯಾಕೆ ಅಂತ ಅದನ್ನೇ ಹೆಣೆದೆ. ತೊಟ್ಟುಕೊಂಡು ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಬೆನ್ನಿಗೆ ಪ್ಲಾಸ್ಟಿಕ್ ಅಂಟಿದ ಹಾಗಾಯಿತು. ಎರಡನೆಯದು ಹತ್ತಿ ನೂಲು, 50 ಗ್ರಾಂ ಉಂಡೆಗೆ ಸುಮಾರು 90 ರೂಪಾಯಿ, ಆರು ಉಂಡೆ. ಕೆಳಗಿಂದ ಮೇಲಕ್ಕೆ ಬಿಡಿಬಿಡಿಯಾಗಿ ಹೆಣೆದು ಕೂಡಿಸಿದೆ. ಒಗೆದು ತಂತಿಗೆ ಹಾಕಿದರೆ ಸಂಜೆಗೆ ಮೂರು ಇಂಚು ಇಳಿದಿತ್ತು! ಹತ್ತಿ ಉಲ್ಲನ್ ಹಾಗೆ ವಾಪಸ್ ಕೂಡಿಕೊಳ್ಳಲ್ಲ, ನಿಮಗೆಲ್ಲ ಗೊತ್ತಿರೋದೇ. ನನಗೂ ಗೊತ್ತಿತ್ತು. ಸಾಲದ್ದಕ್ಕೆ ಅಲ್ಯುಮಿನಿಯಂ ಕಡ್ಡಿ, ಬೆವರಿನ ಕೈ, ಬಿಳಿ ನೂಲು. ಅಲ್ಲಲ್ಲಿ ಬೂದು ಕಲೆ.

ಅದನ್ನೇ ಬಿಚ್ಚಿದೆ. ಕಲೆಯ ನೂಲು ಎಸೆದು ಒಂದು ಉಂಡೆ ಹೊಸದು ತಂದೆ, ಜೊತೆಗೆ 4 ಎಂಎಂ ಬಿದಿರಿನ ಸರ್ಕ್ಯುಲರ್ ಕಡ್ಡಿ (ಎರಡು ಕಡ್ಡಿ ನಡುವೆ ವೈರ್ ಇರೋದು, ಸುತ್ತಾಗಿ ಹೆಣೆಯೋಕೆ). ಎಲ್ಲಾ ಸೇರಿ 900ರ ಹತ್ತಿರ ಆಗಿರಬೇಕು.

ಈ ಸಲ ನೂಲು ಎಷ್ಟು ಇಳಿಯುತ್ತೆ ನೋಡೋಣ ಅಂತ ಮೊದಲು ಆರಿಂಚಿನ ತುಣುಕು ಹೆಣೆದು, ಒದ್ದೆ ಮಾಡಿ, ತಂತಿಗೆ ಕ್ಲಿಪ್ ಹಾಕಿ, ಕೆಳಗೆ ಟ್ರಂಕಿನ ಬೀಗ ಕಟ್ಟಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಆರೂಮುಕ್ಕಾಲು ಇಂಚು. ಅಂದರೆ ಕಂಕುಳಿಂದ ಕೆಳಗೆ 15 ಇಂಚು ಬೇಕಿದ್ದರೆ ಹದಿಮೂರು ಚಿಲ್ಲರೆಗೇ ನಿಲ್ಲಿಸಬೇಕು. ಮೇಲಿಂದ ಕೆಳಗೆ ಹೆಣೆದರೆ ಇದೇ ಸುಖ, ತೊಟ್ಟು ನೋಡಿ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು.

ಒಣಗಿದ ತುಣುಕಿನಲ್ಲಿ 4 ಇಂಚಿಗೆ 22 ಸ್ಟಿಚ್. ಕುತ್ತಿಗೆಗೆ 96 ಹಾಕಿದೆ. ರಾಗ್ಲನ್‌ನ, ಅಂದರೆ ಕುತ್ತಿಗೆಯಿಂದ ಕಂಕುಳಿಗೆ ಇಳಿಯೋ ಓರೆ ಗೆರೆಯ, ನಾಲ್ಕೂ ಕಡೆ ಯಾರ್ನ್ ಓವರ್‌ನಿಂದಲೇ (ಕಡ್ಡಿಗೆ ನೂಲು ಸುತ್ತಿ ಹೊಸ ಸ್ಟಿಚ್ ಮಾಡೋದು) ಹೆಚ್ಚಿಸಿದೆ, ಸಾಲಾಗಿ ತೂತು ಚೆಂದ ಕಾಣುತ್ತೆ. 25 ಸಲ ಹೆಚ್ಚಿಸಿ ತೋಳು ಬೇರೆ ಮಾಡಿದಾಗ ಮೈಗೆ 176 ಉಳಿಯಿತು. ಕಂಕುಳಲ್ಲಿ ಎಂಟೆಂಟು ಸೇರಿಸಿದೆ, 192 ಆಯಿತು. ಅಲೆ ಲೇಸಿಗೆ 18ರ ಲೆಕ್ಕ ಬೇಕು, ಒಂದು ಅಲೆಗೆ 18 ಸ್ಟಿಚ್. ಎರಡು ಸುತ್ತು ಹೆಣೆದ ಮೇಲೆ ಬೆನ್ನಲ್ಲಿ ಮುರುಕು ಅಲೆ ಕಂಡಿತು! ಬಿಚ್ಚಿ ಹನ್ನೊಂದು ಹನ್ನೊಂದು ಹಾಕಿದೆ. 198, ಸರಿಯಾಗಿ ಹನ್ನೊಂದು ಅಲೆ. ಎದೆ 36 ಇಂಚಿಗೂ ಅದೇ ಕೂತಿತು. ಇಷ್ಟು ಸರಳ ಲೆಕ್ಕ ಮೊದಲೇ ಹೊಳೀಬೇಕಿತ್ತು ಅಲ್ವಾ?

ಹತ್ತು ಸುತ್ತಿಗೊಮ್ಮೆ ಹೊಲಿಗೆ ದಾರದ ಲೈಫ್‌ಲೈನ್ ಹಾಕಿದೆ, ಅಂದರೆ ಬಿಚ್ಚಿದರೂ ಅಲ್ಲಿಗೇ ನಿಲ್ಲಲಿ ಅಂತ ಸ್ಟಿಚ್‌ಗಳೊಳಗೆ ತೂರಿಸೋ ದಾರ. ಒಂದು ಸಲ ಸೋಮಾರಿತನ ಮಾಡಿದೆ. ಅವತ್ತೇ ಕರೆಂಟ್ ಹೋಗಿ, ಕಡ್ಡಿ ಜಾರಿ, ಹದಿನಾಲ್ಕು ಸುತ್ತು ಹೋಯಿತು.

ನಡುವೆ ಒಂದು ಹುಚ್ಚು ಪ್ರಯೋಗ. ಅಲೆ ಗಟ್ಟಿ ನಿಲ್ಲಲಿ ಅಂತ ತುಣುಕಿಗೆ ಜೋಳದ ಗಂಜಿ ಹಾಕಿದೆ. ಒಣಗಿದ ಮೇಲೆ ಹಪ್ಪಳ. ಮಗಳು ಬೆರಳಲ್ಲಿ ಬಾರಿಸಿ ನಕ್ಕಳು. ಬೆವರಿಗೆ ತುರಿಸುತ್ತೆ ಕೂಡ, ಬೇಡ.

ತೋಳು ಬೇರೆ ಮಾಡಿದ ಕಡೆ ಕಂಕುಳ ಮೂಲೆಯಲ್ಲಿ ಉಳಿಯೋ ದೊಡ್ಡ ತೂತು ಹೇಗೆ ಮುಚ್ಚಿದೆ ಅಂತ ತುಂಬ ಜನ ಕೇಳಿದರು. ಅದು ನನ್ನ ಹತ್ತಿರವೇ ಇರಲಿ.

ಟಾಪ್ ಒಟ್ಟು 280 ಗ್ರಾಂ ತೂಗಬಹುದು. ಐದಾರು ಒಗೆತ ಆಯಿತು, ಉದ್ದ ಅಲ್ಲೇ ಇದೆ. ಅತ್ತಿ ಈಗ ಸ್ವೆಟರ್ ಅನ್ನೋದಿಲ್ಲ, "ನಿನ್ನ ಜಾಳಿಗಿ" ಅಂತಾರೆ. ನೀಲಿ ನೂಲು ತಂದಾಗಿದೆ. ಅದರ ತುಣುಕು ಬೀಗ ಕಟ್ಟಿಕೊಂಡು ಮಾಳಿಗೆ ಮೇಲೆ ತೂಗಾಡುತ್ತಿದೆ.