ಸಿನಿಮಾದ ಸದ್ದು ಕಳೆದು ಸಿಳ್ಳೆ ಉಳಿಸಿಕೊಂಡಿದ್ದು: ‘ಸ್ಪೈಡರ್-ವರ್ಸ್’ ಪ್ರೇಕ್ಷಕರನ್ನು ಅಳೆದ ನನ್ನ ಅನುಭವ

ಗೇಟಿನ ಹತ್ತಿರ ಮೈಕ್ ಹಿಡಿದರೆ ಎಲ್ಲರ ಬಾಯಲ್ಲೂ ‘ಸೂಪರ್’. ಕ್ಯಾಮೆರಾ ಇಳಿಸಿದ ಮೇಲೆ ಅದೇ ಜನ ಬೈಕ್ ಸ್ಟ್ಯಾಂಡಿನಲ್ಲಿ ಬೇರೆಯೇ ಮಾತಾಡುತ್ತಾರೆ. ಸೂಪರ್‌ಹೀರೋ ಚಿತ್ರಗಳಲ್ಲಂತೂ ಇದು ಇನ್ನೂ ಜಾಸ್ತಿ: ಕಾಮಿಕ್ ಓದಿಕೊಂಡು ಬಂದವರು ತಮಗೆಷ್ಟು ಗೊತ್ತು ಎಂದು ತೋರಿಸಲು ಮಾತಾಡುತ್ತಾರೆ, ಓದದವರು ಗೊತ್ತಿಲ್ಲ ಅನ್ನಿಸಿಕೊಳ್ಳಬಾರದು ಎಂದು ಮಾತಾಡುತ್ತಾರೆ. ನಿಜವಾದ ಪ್ರತಿಕ್ರಿಯೆ ಸಿಗುವುದು ಕತ್ತಲಲ್ಲಿ, ಸೀಟಿನಲ್ಲಿ. ಅದನ್ನೇ ಅಳೆಯಬೇಕು.

ವಿಧಾನ ಸರಳ. ಖಾಲಿ ಹಾಲ್‌ನಲ್ಲಿ ಚಿತ್ರ ಓಡಿಸಿ ಸದ್ದಿನ ಮಟ್ಟ ದಾಖಲಿಸುವುದು. ತುಂಬಿದ ಹಾಲ್‌ನಲ್ಲಿ ಅದನ್ನೇ ಮತ್ತೆ ದಾಖಲಿಸುವುದು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಜನ. ‘ಸಿಳ್ಳೆ ಎಣಿಸೋಕೆ ಮೀಟರ್ ಯಾಕೆ, ಕಿವಿ ಇಲ್ವಾ’ ಎಂದರು ಗಾಂಧಿನಗರದ ವಿತರಕರ ರೆಪ್ರೆಸೆಂಟೇಟಿವ್‌ಗಳು. ಸೌಂಡ್ ಬಲ್ಲವರ ತಕರಾರು ಬೇರೆ: ಇಂಥ ಚಿತ್ರಗಳಲ್ಲಿ ಪರದೆಯ ಸದ್ದೇ ಜನರ ಸದ್ದನ್ನು ನುಂಗಿಹಾಕುತ್ತದೆ, ಕಳೆಯಲು ಏನೂ ಉಳಿಯುವುದಿಲ್ಲ. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಕನ್ನಡದಲ್ಲೂ ಬಂದಿದ್ದ 2022ರ ಡಾಕ್ಟರ್ ಸ್ಟ್ರೇಂಜ್ ಮತ್ತು ಥಾರ್ ಚಿತ್ರಗಳಲ್ಲಿ ಈ ವಿಧಾನ ಪೂರ್ತಿ ನೆಲಕಚ್ಚಿತು. 2023ರ ಜೂನ್ 1ರಂದು ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂದಾಗ ಕೈಗೂಡಿತು. ಒಂದು ಸಿಂಗಲ್ ಸ್ಕ್ರೀನ್, ಒಂದು ಮಲ್ಟಿಪ್ಲೆಕ್ಸ್ ಪರದೆ, ಒಟ್ಟು ಆರು ಆಟ. ಇಂಗ್ಲಿಷ್ ನಾಲ್ಕು, ಕನ್ನಡ ಎರಡು.

ಮೊದಲು ಸೋತದ್ದನ್ನು ಹೇಳುತ್ತೇನೆ, ಕಲಿತದ್ದೆಲ್ಲ ಅಲ್ಲೇ.

ಮೊಬೈಲ್ ಆ್ಯಪ್ ನಂಬಬೇಡಿ. ಫೋನು ಜೋರು ಸದ್ದನ್ನು ತಾನೇ ತಗ್ಗಿಸಿ ಮೆಲುದನಿಯನ್ನು ಎತ್ತುತ್ತದೆ. ಥಾರ್‌ಗೆ ಎರಡು ಫೋನ್ ಇಟ್ಟಿದ್ದೆ, ಎರಡರ ಗೆರೆಯೂ ಹಲಗೆಯಂತೆ ಸಪಾಟು. ಅಂಕಿಗಳನ್ನು ತಾನೇ ಬರೆದಿಡುವ ಡೇಟಾ ಲಾಗರ್ ಇರುವ, ನಿಖರತೆಯಲ್ಲಿ ಕ್ಲಾಸ್ 2 ದರ್ಜೆಯ ಸೌಂಡ್ ಲೆವೆಲ್ ಮೀಟರ್ ಬೇಕು. ಒಂದಕ್ಕೆ ಹನ್ನೊಂದು ಸಾವಿರದ ಆಸುಪಾಸು ಕೊಟ್ಟೆ, ಎರಡು ಕೊಂಡೆ. ಪ್ರತಿ ಆಟಕ್ಕೂ ಮುಂಚೆ 94 ಡೆಸಿಬಲ್‌ನ ಕ್ಯಾಲಿಬ್ರೇಟರ್ (ಗೊತ್ತಾದ ಮಟ್ಟದ ಸದ್ದು ಹೊರಡಿಸುವ ಸಾಧನ) ಹಾಕಿ ಎರಡೂ ಒಂದೇ ಅಂಕಿ ತೋರಿಸುವಂತೆ ಮಾಡಿಕೊಳ್ಳಬೇಕು. ಕ್ಯಾಲಿಬ್ರೇಟರ್ ಬಾಡಿಗೆಗೆ ಸಿಗುತ್ತದೆ, ಕೊಳ್ಳುವ ಅಗತ್ಯವಿಲ್ಲ.

ಮೀಟರಿಗೆ ಇನ್ನೊಂದು ಕಾರಣವೂ ಇದೆ. ಅದು ಸದ್ದನ್ನು ಮುದ್ರಿಸಿಕೊಳ್ಳುವುದಿಲ್ಲ, ಅಂಕಿಯನ್ನಷ್ಟೇ ಬರೆದುಕೊಳ್ಳುತ್ತದೆ. ಹಾಲ್‌ನಲ್ಲಿ ರೆಕಾರ್ಡರ್ ಹಚ್ಚುವ ಯೋಚನೆಯನ್ನೇ ಮಾಡಬೇಡಿ. 2023ರ ಸಿನೆಮಾಟೋಗ್ರಾಫ್ ತಿದ್ದುಪಡಿಯ ನಂತರ ಚಿತ್ರ ಕದ್ದು ಮುದ್ರಿಸಿದರೆ 3 ತಿಂಗಳಿಂದ 3 ವರ್ಷದವರೆಗೆ ಜೈಲು, ದಂಡ ಶುರುವಾಗುವುದೇ 3 ಲಕ್ಷದಿಂದ. ನಿಮ್ಮ ಉದ್ದೇಶ ಒಳ್ಳೆಯದು ಎಂದು ಆಮೇಲೆ ವಿವರಿಸುತ್ತ ಕೂರಬೇಕಾಗುತ್ತದೆ. ಮೀಟರ್ ಇಡುವುದಕ್ಕೂ ಮಾಲೀಕರ ಒಪ್ಪಿಗೆ ಕಾಗದದ ಮೇಲಿರಲಿ.

ಎರಡನೇ ತಪ್ಪು, ಮೀಟರನ್ನು ಪಕ್ಕದ ಗೋಡೆಗೆ ನೇತುಹಾಕಿದ್ದು. ಅಲ್ಲಿ ಸರೌಂಡ್ ಸ್ಪೀಕರ್ ಇರುತ್ತದೆ. ಡಾಕ್ಟರ್ ಸ್ಟ್ರೇಂಜ್‌ನ ಎರಡು ಗಂಟೆಯೂ ಮೀಟರ್ ಕೇಳಿದ್ದು ಸ್ಪೀಕರನ್ನೇ. ಈಗ ಮೀಟರ್ ಎಲ್ಲಿ, ಯಾವ ಎತ್ತರಕ್ಕೆ, ಯಾವ ಕಡೆಗೆ ಮುಖಮಾಡಿ ಇಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ವರ್ಷ ಹಿಡಿದಿದೆ. ಸ್ಪೀಕರ್‌ನಿಂದ ದೂರ, ಜನರಿಗೆ ಹತ್ತಿರ ಎಂದಷ್ಟೇ ಹೇಳಬಲ್ಲೆ. ಎ.ಸಿ. ಗಾಳಿ ನೇರ ಬೀಸುವ ಜಾಗವಂತೂ ಬೇಡವೇ ಬೇಡ. ಸ್ಪಂಜಿನ ಟೋಪಿ ಹಾಕಿದ್ದರೂ ಗಾಳಿ ಅಂಕಿಯನ್ನು ಎತ್ತಿಬಿಡುತ್ತದೆ.

ಸೆಟ್ಟಿಂಗ್: ಎ ವೆಯ್ಟಿಂಗ್ (ಕಿವಿಯ ಹಾಗೆ ಮಂದ್ರ ಸದ್ದನ್ನು ಕಡಿಮೆ ಲೆಕ್ಕಿಸುವ ಸೋಸು), ಸ್ಲೋ (ಮೀಟರ್ ನಿಧಾನವಾಗಿ ಸ್ಪಂದಿಸುವ ವೇಗ), ಸೆಕೆಂಡಿಗೊಂದು ದಾಖಲೆ. ಮಂದ್ರ ಸದ್ದನ್ನು ಹೆಚ್ಚು ಕತ್ತರಿಸದ ಸಿ ವೆಯ್ಟಿಂಗ್ ಇಟ್ಟರೆ ಸಬ್‌ವೂಫರಿನ ಗುದ್ದು ಎಲ್ಲವನ್ನೂ ಮುಚ್ಚುತ್ತದೆ. ಎ ವೆಯ್ಟಿಂಗ್ 63 ಹರ್ಟ್ಸ್‌ನಲ್ಲಿ 26 ಡೆಸಿಬಲ್‌ನಷ್ಟು ಕತ್ತರಿಸುವುದರಿಂದ ಕಟ್ಟಡ ಕುಸಿಯುವ ಸದ್ದು ಕುಗ್ಗುತ್ತದೆ, ಸಿಳ್ಳೆ ಕೂಗು ಹಾಗೇ ಉಳಿಯುತ್ತದೆ. ಫಾಸ್ಟ್ ಇಟ್ಟರೆ ಎರಡು ದಾಖಲೆಗಳ ನಡುವೆ ಬಂದು ಹೋದ ಚಪ್ಪಾಳೆ ಕೈತಪ್ಪುತ್ತದೆ.

ಕಳೆಯುವಾಗ ಡೆಸಿಬಲ್‌ನಿಂದ ಡೆಸಿಬಲ್ ಕಳೆಯಬಾರದು. ನಮ್ಮವರಲ್ಲೇ ಅನೇಕರು ಇಲ್ಲಿ ಎಡವಿದ್ದಾರೆ. ಖಾಲಿ ಹಾಲ್‌ನಲ್ಲಿ 78, ತುಂಬಿದಾಗ 84 ಇದ್ದರೆ ಜನರ ಸದ್ದು 6 ಅಲ್ಲ, 82.7. ಎರಡನ್ನೂ ಶಕ್ತಿಗೆ ಬದಲಿಸಿ, ಕಳೆದು, ಮತ್ತೆ ಲಾಗರಿದಮ್ ತೆಗೆಯಬೇಕು. ಎಕ್ಸೆಲ್‌ನಲ್ಲಿ ಒಂದು ಸಾಲಿನ ಸೂತ್ರ. ವ್ಯತ್ಯಾಸ 3 ಬಂದರೆ ಜನರೂ ಪರದೆಯೂ ಸಮಸಮ ಎಂದರ್ಥ. ವ್ಯತ್ಯಾಸ 1 ಇದ್ದಲ್ಲಿ ಜನರ ಸದ್ದು ಪರದೆಗಿಂತ 6 ಡೆಸಿಬಲ್ ಕೆಳಗಿರುತ್ತದೆ, ಆ ಅಂಕಿಯನ್ನು ನಂಬಲಾಗದು. ಸಿಳ್ಳೆ, ಕೂಗು, ನಗುವಿನ ಲೆಕ್ಕದಿಂದ ನಾನು 2ಕ್ಕಿಂತ ಕಡಿಮೆ ಬಂದ ಸೆಕೆಂಡುಗಳನ್ನೆಲ್ಲ ಬಿಟ್ಟುಬಿಡುತ್ತೇನೆ. ಹೊಡೆದಾಟದ ದೃಶ್ಯಗಳ ಬಹುಪಾಲು ಹೀಗೆ ಹೋಗುತ್ತದೆ, ಹೋಗಲಿ. ಸೌಂಡಿನವರು ಗೆದ್ದ ಅರ್ಧ ಇದು. ಉಳಿದ ಅರ್ಧ ನನ್ನದು: ಹೊಡೆದಾಟ ನಡೆಯುವಾಗ ಜನ ಹೆಚ್ಚು ಕೂಗುವುದೇ ಇಲ್ಲ. ಅದಕ್ಕೆ ಮುಂಚಿನ ಒಂದೆರಡು ಸೆಕೆಂಡಿನ ಮೌನದಲ್ಲಿ, ಇಲ್ಲವೇ ಮುಗಿದ ಮರುಕ್ಷಣ ಕೂಗುತ್ತಾರೆ. ಸಂಕಲನಕಾರರೂ ಅದಕ್ಕೆಂದೇ ಅಲ್ಲಿ ಜಾಗ ಬಿಟ್ಟಿರುತ್ತಾರೆ.

ಖಾಲಿ ಆಟವೇ ಹೆಚ್ಚು ದುಡ್ಡು ತಿನ್ನುವುದು. ಕೆಡಿಎಂ, ಅಂದರೆ ಚಿತ್ರದ ಫೈಲಿನ ಡಿಜಿಟಲ್ ಕೀಲಿ, ತೆರೆಯುವ ಮುನ್ನ ಚಿತ್ರ ಓಡುವುದಿಲ್ಲ. ತೆರೆದ ಮೇಲೆ ಮೊದಲ ಆಟಕ್ಕೆ ಸಮಯ ಉಳಿದಿರುವುದಿಲ್ಲ. ಹಾಗಾಗಿ ಸೆಕೆಂಡ್ ಶೋ ಬಿಟ್ಟ ಮೇಲೆ ರಾತ್ರಿ ಒಂದೂವರೆಗೆ ಓಡಿಸಿದೆವು. ಕರೆಂಟು, ಲ್ಯಾಂಪಿನ ಸವೆತ, ಆಪರೇಟರ್ ಬಾಟಾ (ಭತ್ಯೆ) ಸೇರಿ ಸುಮಾರು ಮೂರೂವರೆ ಸಾವಿರ, ಎರಡು ಭಾಷೆಗೆ ಏಳು ಸಾವಿರ. ಸರ್ವರ್ ಪ್ರತಿ ಓಟವನ್ನೂ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ, ಆದ್ದರಿಂದ ವಿತರಕರಿಗೆ ಮೊದಲೇ ತಿಳಿಸಬೇಕು. ಇಲ್ಲವಾದರೆ ದಿನದ ಗಳಿಕೆಯ ವರದಿಯಾದ ಡಿಸಿಆರ್‌ನಲ್ಲಿ ಇಲ್ಲದ ಆಟ ಲಾಗ್‌ನಲ್ಲಿ ಕಂಡು ಚಿತ್ರಮಂದಿರದವರು ಉತ್ತರ ಕೊಡಬೇಕಾಗುತ್ತದೆ.

ಈ ಚಿತ್ರದಲ್ಲಿ ಒಂದು ವಿಶೇಷ ಕಿರಿಕಿರಿ ಇತ್ತು. ಇದರ ಒಂದಕ್ಕಿಂತ ಹೆಚ್ಚು ರೂಪಗಳು ಚಿತ್ರಮಂದಿರಗಳಲ್ಲಿ ಓಡಿದವು, ಕೆಲವು ಸಂಭಾಷಣೆಗಳೂ ಶಾಟ್‌ಗಳೂ ಅಲ್ಲಲ್ಲಿ ಬೇರೆ. ಖಾಲಿ ಆಟಕ್ಕೂ ತುಂಬಿದ ಆಟಕ್ಕೂ ಒಂದೇ ಸಿಪಿಎಲ್ (ಚಿತ್ರದ ಯಾವ ರೂಪ ಓಡಬೇಕೆಂದು ಹೇಳುವ ಪಟ್ಟಿ) ಓಡಿದೆಯೇ ಎಂದು ಸರ್ವರ್‌ನಲ್ಲಿ ಗುರುತಿನ ಸಂಖ್ಯೆ ಹೋಲಿಸಿ ನೋಡಿ. ನಾವು ಮಲ್ಟಿಪ್ಲೆಕ್ಸಿನ ಒಂದು ಆಟವನ್ನು ಇದೇ ಕಾರಣಕ್ಕೆ ಕೈಬಿಟ್ಟೆವು.

ಹಾಲ್‌ನ ಸದ್ದು ಏರಿಸಿ ಇಳಿಸುವ ಗುಂಡಿ, ಅಂದರೆ ಫೇಡರ್, ಅದರ ವಿಷಯ ಇದಕ್ಕಿಂತ ದೊಡ್ಡದು. ಡಾಲ್ಬಿ ಲೆಕ್ಕದಲ್ಲಿ 7 ಇರಬೇಕಾದದ್ದು ನಮ್ಮಲ್ಲಿ 5, 5.5ರಲ್ಲಿ ಇರುತ್ತದೆ. ಒಂದು ಅಂಕಕ್ಕೆ 3.3 ಡೆಸಿಬಲ್ ಎಂದಿಟ್ಟುಕೊಂಡರೆ 7ರಿಂದ 5.5ಕ್ಕೆ ಬಂದಾಗ 5 ಡೆಸಿಬಲ್ ಹೋಯಿತು. ಇಷ್ಟಿದ್ದರೂ ಲೆಕ್ಕ ಕೆಡುವುದಿಲ್ಲ, ಎರಡೂ ಆಟದಲ್ಲಿ ಒಂದೇ ಇದ್ದರೆ ಸಾಕು. ಕೆಡುವುದು ಆಪರೇಟರ್ ಆಟದ ನಡುವೆ ತಿರುಗಿಸಿದಾಗ. ಚಿತ್ರದ ನಾಯಕಿ ಗ್ವೆನ್ ಡ್ರಮ್ ಬಾರಿಸುತ್ತ ಮಾತಾಡುವ ಆರಂಭದಲ್ಲಿ ಮಾತು ಕೇಳಿಸುವುದಿಲ್ಲವೆಂದು ಅಮೆರಿಕದಲ್ಲೇ ದೂರು ಬಂದಿತ್ತು. ನಮ್ಮಲ್ಲೂ ಮೊದಲ ಆಟದಲ್ಲಿ ‘ಸೌಂಡ್’ ಎಂದು ಕೂಗಿದರು, ಆಪರೇಟರ್ ಏರಿಸಿದ, ಹೊಡೆದಾಟ ಬಂದಾಗ ಇಳಿಸಿದ. ಆ ಆಟದ ಮೊದಲ ಮುಕ್ಕಾಲು ಗಂಟೆ ಕಸದ ಬುಟ್ಟಿಗೆ. ಮರುದಿನದಿಂದ 5.8ಕ್ಕೆ ಇಟ್ಟು ಗುಂಡಿಯ ಮೇಲೆ ಟೇಪ್ ಅಂಟಿಸಿ, ಆಪರೇಟರ್ ಅಣ್ಣನನ್ನು ಒಪ್ಪಿಸಿ ಕೂತೆವು. ಖಾಲಿ ಆಟವೂ 5.8ರಲ್ಲೇ.

ಇಂಟರ್‌ವಲ್ ಇನ್ನೊಂದು ಗಂಡಾಂತರ. ಮೂಲದಲ್ಲಿ ವಿರಾಮವಿಲ್ಲದ 140 ನಿಮಿಷದ ಚಿತ್ರವನ್ನು ನಾವು ಕತ್ತರಿಸುತ್ತೇವೆ, ಜಾಹೀರಾತು ಹಾಕುತ್ತೇವೆ. ಪ್ರತಿ ಆಟದಲ್ಲೂ ಬಿಡುವು ಬೇರೆ ಬೇರೆ ಉದ್ದ. ಹಾಗಾಗಿ ಎರಡು ಕಡೆ ಗುರುತು ಬೇಕು: ಮೊದಲರ್ಧಕ್ಕೆ ಕಂಪನಿ ಲೋಗೊದ ಮೊದಲ ಸದ್ದು, ದ್ವಿತೀಯಾರ್ಧಕ್ಕೆ ಬಿಡುವು ಮುಗಿದ ಮೇಲಿನ ಮೊದಲ ಜೋರು ಸದ್ದು. ಎರಡು ಅರ್ಧವನ್ನೂ ಬೇರೆ ಬೇರೆ ಹಾಳೆಯಾಗಿಯೇ ಇಟ್ಟುಕೊಳ್ಳಿ.

ಮೀಟರ್ ಎಷ್ಟು ಸದ್ದು ಎಂದು ಹೇಳುತ್ತದೆ, ಯಾವ ಸದ್ದು ಎಂದು ಹೇಳುವುದಿಲ್ಲ. ಅದಕ್ಕೆ ಇಬ್ಬರು ಬರೆಯುವವರು, ಒಬ್ಬರು ಬಾಲ್ಕನಿಯಲ್ಲಿ, ಒಬ್ಬರು ಕೆಳಗೆ. ನಿಮಿಷ ಗುರುತಿಸಿದ ಹಾಳೆ, ಕೆಂಪು ಕಾಗದ ಸುತ್ತಿದ ಸಣ್ಣ ಟಾರ್ಚ್. ‘ಸಿ’ ಸಿಳ್ಳೆ, ‘ಚ’ ಚಪ್ಪಾಳೆ, ‘ನ’ ನಗು, ‘ಮ’ ಮೌನ. ಇಬ್ಬರೂ ಬರೆದದ್ದು ಹೊಂದಿದರೆ ಮಾತ್ರ ಲೆಕ್ಕಕ್ಕೆ. ಮೊದಲ ಆಟದಲ್ಲಿ ಅರ್ಧದಷ್ಟೂ ಹೊಂದಲಿಲ್ಲ, ಮೂರನೆಯ ಆಟದ ಹೊತ್ತಿಗೆ ಮುಕ್ಕಾಲು ದಾಟಿತು. ಬರೆಯುವವರು ಚಿತ್ರವನ್ನು ಮೊದಲೇ ನೋಡಿರಬೇಕು. ಇಲ್ಲದಿದ್ದರೆ ಅವರೇ ಚಿತ್ರದಲ್ಲಿ ಮುಳುಗಿ ಹಾಳೆ ಖಾಲಿ ಬಿಡುತ್ತಾರೆ.

ಈಗ ಸಿಕ್ಕಿದ್ದು. ಪವಿತ್ರ್ ಪ್ರಭಾಕರ್ ಬರುವ, ಮುಂಬೈ ಮ್ಯಾನ್‌ಹಟನ್ ಬೆರೆಸಿದ ಕಲ್ಪನೆಯ ಊರು ಮುಂಬಟ್ಟನ್‌ನ ಭಾಗ ಎಲ್ಲ ಆಟದಲ್ಲೂ ಎತ್ತರದ ಗುಡ್ಡ. 2004ರಲ್ಲಿ ಭಾರತದ ಸ್ಪೈಡರ್-ಮ್ಯಾನ್ ಎಂದು ಕಾಮಿಕ್ ಬಂದಾಗ ಧೋತಿ ಉಟ್ಟಿದ್ದ ಹುಡುಗ ಇವನು. ಆ ಪುಸ್ತಕ ನೋಡಿದವರು ಹಾಲ್‌ನಲ್ಲಿ ಬೆರಳೆಣಿಕೆ, ಆದರೂ ಸಿಳ್ಳೆ ಪೂರ್ತಿ ಹಾಲ್‌ನಿಂದ ಬಂತು. ಲೆಗೊ ಲೋಕದ ದೃಶ್ಯದಲ್ಲಿ ನಗು, ಹಿಂದಿನ ಸ್ಪೈಡರ್-ಮ್ಯಾನ್ ಚಿತ್ರವೊಂದರಲ್ಲಿದ್ದ ನಟ ಡೊನಾಲ್ಡ್ ಗ್ಲೋವರ್ ಕಂಡಾಗ ಸಿಳ್ಳೆ. ಈ ಎರಡನೆಯದು ಮಲ್ಟಿಪ್ಲೆಕ್ಸಿನಲ್ಲಿ ಮಾತ್ರ, ಸಿಂಗಲ್ ಸ್ಕ್ರೀನಿನ ಕನ್ನಡ ಆಟದಲ್ಲಿ ಗೆರೆ ಅಲುಗಲೇ ಇಲ್ಲ. ಕಾಮಿಕ್ ಮತ್ತು ಹಳೆಯ ಚಿತ್ರಗಳ ನೆನಪು ಬೇಡುವ ಕ್ಷಣ ಯಾವುದು, ಬೇಡದ್ದು ಯಾವುದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಸಂದರ್ಶನವೂ ಹೇಳಿಲ್ಲ.

ಇನ್ನೂ ಬೆಲೆಬಾಳುವುದು ನಗುವಿನ ಸಮಯ. ‘ಚಾಯ್ ಎಂದರೇ ಟೀ’ ಎಂಬ ತಮಾಷೆಗೆ ಇಂಗ್ಲಿಷ್ ಆಟದಲ್ಲಿ ನಗು ಒಂದು ಸೆಕೆಂಡು ಮೊದಲೇ ಬರುತ್ತದೆ, ಏಕೆಂದರೆ ಜನ ಸಬ್‌ಟೈಟಲ್ ಓದಿ ನಗುತ್ತಾರೆ, ನಟನ ಬಾಯಿ ಆಮೇಲೆ ಮುಗಿಯುತ್ತದೆ. ಕನ್ನಡದ ಆಟದಲ್ಲಿ ನಗು ಮಾತಿನ ತುದಿಗೆ ಅಂಟಿಕೊಂಡು ಬರುತ್ತದೆ, ನಮ್ಮ ಕ್ರಿಯಾಪದ ಕೊನೆಗಿರುವುದರಿಂದ ಮಾತು ಪೂರ್ತಿಯಾಗುವವರೆಗೆ ನಗಲಾಗದು. ಹೀಗೆ ತಡವಾದ ನಗು ಮುಂದಿನ ಸಂಭಾಷಣೆಯ ಮೊದಲ ಪದಗಳ ಮೇಲೆ ಬಿದ್ದು ಅದನ್ನು ಮುಚ್ಚುತ್ತದೆ. ಎರಡು ಆಟದಲ್ಲಿ ಇಂಥ ಹದಿನಾಲ್ಕೋ ಹದಿನೈದೋ ಜಾಗ ಗುರುತಿಸಿದೆ. ಈ ಪಟ್ಟಿಗೇ ಒಂದು ಡಬ್ಬಿಂಗ್ ತಂಡ ಮುಂದಿನ ಕೆಲಸಕ್ಕೆ ಹಣ ಕೊಟ್ಟಿತು. ತಮಾಷೆಯ ಪದವನ್ನು ವಾಕ್ಯದ ಮುಂದಕ್ಕೆ ಎಳೆದು ಕ್ರಿಯಾಪದ ನುಂಗಿಬಿಟ್ಟರೆ ಅರ್ಧ ಸೆಕೆಂಡು ಉಳಿಯುತ್ತದೆ.

ಮೌನವನ್ನು ಅಳೆಯಬಹುದು ಎಂದು ಯಾರೂ ನಂಬಿರಲಿಲ್ಲ. ಮೆಲುದನಿಯ ದೃಶ್ಯದಲ್ಲಿ ಚಿಪ್ಸ್ ಪೊಟ್ಟಣ, ಕೆಮ್ಮು, ಸೀಟಿನ ಕಿರ್ರು ಸೇರಿ ತುಂಬಿದ ಹಾಲ್ ಖಾಲಿ ಹಾಲ್‌ಗಿಂತ 5–6 ಡೆಸಿಬಲ್ ಮೇಲಿರುವುದು ಸಹಜ. ಆ ವ್ಯತ್ಯಾಸ 1ಕ್ಕೆ ಇಳಿದರೆ ನಾನೂರು ಜನ ಉಸಿರು ಬಿಗಿಹಿಡಿದಿದ್ದಾರೆ ಎಂದೇ ಅರ್ಥ. ಮಾಳಿಗೆಯ ಮೇಲೆ ನಾಯಕ ಮೈಲ್ಸ್‌ನ ತಾಯಿ ರಿಯೊ ಮಗನೊಡನೆ ಮಾತಾಡುವ ದೃಶ್ಯದಲ್ಲಿ ಕನ್ನಡದ ಎರಡೂ ಆಟಗಳಲ್ಲಿ ಹೀಗಾಯಿತು, ಇಂಗ್ಲಿಷಿನಲ್ಲಿ ಇಷ್ಟು ಆಳಕ್ಕೆ ಇಳಿಯಲಿಲ್ಲ. ಡಬ್ಬಿಂಗ್ ಸೂಪರ್‌ಹೀರೋ ಚಿತ್ರ ಮಕ್ಕಳಾಟ ಎನ್ನುವವರು ಆ ಗೆರೆಯನ್ನೊಮ್ಮೆ ನೋಡಬೇಕು.

ಪಕ್ಕದ ಪ್ರಯೋಗ ಒಂದು: ಪ್ರೊಜೆಕ್ಷನ್ ರೂಮಿನ ಕಿಂಡಿಯಿಂದ ಬೆಳಗಿದ ಫೋನುಗಳನ್ನು ಐದು ನಿಮಿಷಕ್ಕೊಮ್ಮೆ ಎಣಿಸಿದೆವು. ಬೇಸರಕ್ಕೆ ಇದಕ್ಕಿಂತ ಅಗ್ಗದ ಅಳತೆ ಇಲ್ಲ, ಖರ್ಚು ಸೊನ್ನೆ. ಆದರೆ ಪವಿತ್ರ್ ಬಂದಾಗಲೂ ಫೋನು ಬೆಳಗಿದವು, ಅವು ವಿಡಿಯೊ ಹಿಡಿಯುವ ಫೋನು. ಎದೆಮಟ್ಟದಲ್ಲಿದ್ದರೆ ಬೇಸರ, ತಲೆಯೆತ್ತರಕ್ಕೆ ಹೋದರೆ ಉತ್ಸಾಹ ಎಂದು ಬೇರೆ ಮಾಡಿಕೊಳ್ಳಬೇಕು. ಬಾಗಿಲಿಗೆ ಮ್ಯಾಗ್ನೆಟ್ ಸ್ವಿಚ್ ಹಾಕಿ ಎದ್ದು ಹೋದವರನ್ನೂ ಎಣಿಸಲು ಹೋದೆ. ಗೇಟ್‌ಕೀಪರ್ ಓಡಾಟವೇ ಜಾಸ್ತಿಯಾಗಿ ಬಿಟ್ಟುಬಿಟ್ಟೆ.

ಹೊರಬರುವವರಿಗೆ ಚೀಟಿ. ಅಮೆರಿಕದ ಸಮೀಕ್ಷಾ ಸಂಸ್ಥೆ ಸಿನೆಮಾಸ್ಕೋರ್ 1979ರಿಂದ ಪ್ರೇಕ್ಷಕರನ್ನು ಎ, ಬಿ, ಸಿ ದರ್ಜೆ ಕೇಳುತ್ತ ಬಂದಿದೆ, ಈ ಚಿತ್ರಕ್ಕೆ ಎ, ಇದರ ಹಿಂದಿನ ಭಾಗಕ್ಕೆ ಎ ಪ್ಲಸ್ ಬಂದಿತ್ತು. ನಮ್ಮಲ್ಲಿ ಹತ್ತಕ್ಕೆ ಅಂಕ ಕೇಳಿದರೆ ಎಲ್ಲರೂ ಎಂಟು, ಒಂಬತ್ತು ಎನ್ನುತ್ತಾರೆ, ಪೆನ್ಸಿಲ್ ವಾಪಸ್ ಬರುವುದಿಲ್ಲ. ಹಾಗಾಗಿ ಹರಿಯುವ ಚೀಟಿ ಮಾಡಿಸಿದೆ: ‘ಪಕ್ಕದ ಮನೆಯವರಿಗೆ ಏನು ಹೇಳ್ತೀರಿ? ಹೋಗಿ / ಟಿ.ವಿ.ಗೆ ಬಂದಾಗ ನೋಡಿ / ಬೇಡ’. ಮೂರು ಮೂಲೆಯಲ್ಲಿ ಒಂದನ್ನು ಹರಿದು ಡಬ್ಬಿಗೆ ಹಾಕಿದರಾಯಿತು. ಎರಡು ಸಾವಿರ ಚೀಟಿಗೆ ಮೂರು ಸಾವಿರ ರೂಪಾಯಿ. ಹಿಂಬದಿಯಲ್ಲಿ ಕಾಮಿಕ್ ಓದಿದವರನ್ನು ಬೇರೆ ಮಾಡುವ ಒಂದು ಪ್ರಶ್ನೆ ಇದೆ, ‘ಓದಿದ್ದೀರಾ’ ಎಂದು ನೇರ ಕೇಳದೆ ಕಂಡುಹಿಡಿಯುವಂಥದ್ದು. ಅದು ನನ್ನ ಹತ್ತಿರವೇ ಇರಲಿ.

ಬರೆಯುವವರ ಬಾಟಾ ಆಟಕ್ಕೆ ತಲಾ ಐನೂರು, ಎಲ್ಲ ಸೇರಿ ಮೂವತ್ತೆಂಟು ಸಾವಿರದ ಹತ್ತಿರ ಹೋಯಿತು. ಮೀಟರ್ ಉಳಿದಿದೆ, ಮುಂದಿನದಕ್ಕೆ ಹದಿನಾರು ಸಾವಿರದಲ್ಲಿ ಮುಗಿಸಬಹುದು.

ಚೀಟಿ ಹಂಚುವವರಿಗೆ ಕೊನೆಯ ಸೂಚನೆ. ಚಿತ್ರ ‘ಮುಂದುವರಿಯುವುದು’ ಎಂದು ಅರ್ಧಕ್ಕೇ ನಿಂತಾಗ ಹಾಲ್ ಏಕಕಾಲಕ್ಕೆ ‘ಏ’ ಎಂದಿತು, ಆರು ಆಟದಲ್ಲೂ. ಅರ್ಧ ಜನ ಆ ಸಿಟ್ಟಿನಲ್ಲೇ ಹೊರಬರುತ್ತಾರೆ. ಉಳಿದರ್ಧ ಹೆಸರುಗಳ ಪಟ್ಟಿ ಮುಗಿಯುವವರೆಗೆ ಕೂತು, ದೃಶ್ಯವೇನೂ ಇಲ್ಲದೆ ಒಂದು ಸಾಲಿನ ಬರಹ ಮಾತ್ರ ಕಂಡು ಹತ್ತು ನಿಮಿಷ ತಡವಾಗಿ ಬರುತ್ತಾರೆ. ಈ ಎರಡು ಗುಂಪಿನ ಚೀಟಿಗೆ ಎರಡು ಡಬ್ಬಿ ಇಡಿ. ನಾವು ಮೊದಲ ದಿನ ಒಂದೇ ಇಟ್ಟು ಬೆರೆಸಿಬಿಟ್ಟೆವು, ಆ ಮುನ್ನೂರು ಚೀಟಿ ಯಾವ ಕೆಲಸಕ್ಕೂ ಬರಲಿಲ್ಲ.