ಆಟಿಕೆ ಬಂದೂಕಿನ ಬಣ್ಣ ಏಳದಂತೆ ಮಾಡಿದ ಬಗೆ

ಸ್ಟೀಮ್‌ಪಂಕ್ (ಹಬೆಯಂತ್ರಗಳ ಕಾಲದ ಕಲ್ಪಿತ ಲೋಕದ ಶೈಲಿ) ವೇಷಕ್ಕಾಗಿ ಪ್ಲಾಸ್ಟಿಕ್ ಆಟಿಕೆ ಬಂದೂಕಿಗೆ ಬಳಿದ ಹಿತ್ತಾಳೆ ಬಣ್ಣವು ಹಿಡಿಕೆಯ ಬಳಿ ಮತ್ತು ಹಿಂದೆ ಮುಂದೆ ಸರಿಯುವ ಭಾಗದ ಅಂಚಿನಲ್ಲಿ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಪ್ಲಾಸ್ಟಿಕ್‌ನ ಮೇಲ್ಮೈ ನುಣುಪಾಗಿರುವುದಲ್ಲದೆ, ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸುವ ಜಿಡ್ಡು ಅದರ ಮೇಲೆ ಉಳಿದಿರುವುದೂ ಉಂಟು. ಇವೆರಡೂ ಬಣ್ಣವನ್ನು ಹಿಡಿಯಗೊಡುವುದಿಲ್ಲ.

ಆದ್ದರಿಂದ ತಿರುಪುಗಳನ್ನು ಬಿಚ್ಚಿ, ಸ್ಪ್ರಿಂಗ್‌ಗಳ ಜಾಗ ಮರೆಯದಂತೆ ಫೋಟೊ ತೆಗೆದುಕೊಂಡು, ಹೊರಕವಚವನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದೆ. ಒಣಗಿದ ಮೇಲೆ 400ನೇ ನಂಬರಿನ, ಅನಂತರ ಅದಕ್ಕಿಂತ ನಯವಾದ 600ನೇ ನಂಬರಿನ ಮರಳು ಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಪ್ಲಾಸ್ಟಿಕ್‌ಗೆಂದೇ ಇರುವ ಪ್ರೈಮರನ್ನು (ಬಣ್ಣ ಹಿಡಿಯಲು ಮೊದಲು ಹಚ್ಚುವ ಲೇಪವನ್ನು) ತೆಳುವಾಗಿ ಸಿಂಪಡಿಸಿದೆ. ಪರಸ್ಪರ ಉಜ್ಜಿಕೊಳ್ಳುವ ಭಾಗಗಳಿಗೆ ಬಣ್ಣವೇ ಬೇಡ, ಏಕೆಂದರೆ ಅದರ ದಪ್ಪದಿಂದಲೇ ಅಲ್ಲಿ ಬಿಗಿತ ಹೆಚ್ಚುತ್ತದೆ. ಅವುಗಳನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಿದೆ. ನಳಿಗೆಯ ಕಿತ್ತಳೆ ತುದಿಯನ್ನೂ ಹಾಗೆಯೇ ಬಿಟ್ಟೆ: ಇದು ಆಟಿಕೆಯೆಂದು ಎದುರಿನವರಿಗೆ ದೂರದಿಂದಲೇ ತಿಳಿಯಲೇಬೇಕು.

ಮೊದಲು ಹೊಳಪಿಲ್ಲದ ಕಪ್ಪು ಬಣ್ಣ. ಅದು ಒಣಗಿದ ಮೇಲೆ, ಹಿತ್ತಾಳೆ ಬಣ್ಣದಲ್ಲಿ ಅದ್ದಿದ ಕುಂಚವನ್ನು ಬಟ್ಟೆಗೆ ಚೆನ್ನಾಗಿ ಒರೆಸಿ, ಉಳಿದ ಪಸೆಯನ್ನಷ್ಟೇ ಉಬ್ಬುಗಳ ಮೇಲೆ ಸವರಿದೆ. ತಿರುಪಿನ ತಲೆಗಳ ಸುತ್ತ ನೀರು ಬೆರೆಸಿದ ಕಂದು ಅಕ್ರಿಲಿಕ್ ಹರಿಯಬಿಟ್ಟು ಒರೆಸಿದಾಗ, ಸಂದುಗಳಲ್ಲಿ ಉಳಿದ ಕಂದು ಹಳೆಯ ಯಂತ್ರದ ಎಣ್ಣೆಗಸಿಯಂತೆಯೇ ಕಂಡಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಹಂತವಿದು. ಮೇಲೆ ಮ್ಯಾಟ್ ವಾರ್ನಿಶ್ ಹಚ್ಚಿ ಪೂರ್ತಿ ಗಟ್ಟಿಯಾಗಲು ಬಿಟ್ಟ ನಂತರ, ಹಿಡಿಕೆಯನ್ನು ಎಷ್ಟು ಬಿಗಿಯಾಗಿ ಹಿಡಿದರೂ ಬಣ್ಣ ಏಳುತ್ತಿಲ್ಲ.