ಎರಡು ಆಂಟೆನಾ, ಒಂದು ಅಲ್ಯೂಮಿನಿಯಂ ಪೈಪು

ಮರಗಳ ಸಾಲಿರುವ ರಸ್ತೆಯಲ್ಲಿ ಓಡುವ ಗಾಡಿಯ ಜಾಗವನ್ನು ಜಿಪಿಎಸ್‌ನಂಥ ಉಪಗ್ರಹಗಳಿಂದ ಎರಡು-ಮೂರು ಸೆಂಟಿಮೀಟರ್ ಒಳಗೆ ಹಿಡಿಯಬೇಕಾದರೆ ದುಬಾರಿ ಸರ್ವೇ ರಿಸೀವರ್ ಬೇಕೇ ಬೇಕು ಎಂದು ನನಗೆ ಹೇಳದವರಿಲ್ಲ. ಅದಿಲ್ಲದೆ ಆಗುತ್ತದೆ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಗಾಡಿ ಮೇಲೆ ಎರಡು ಎಫ್9ಪಿ ಬೋರ್ಡು (ಅಗ್ಗದ ಉಪಗ್ರಹ ರಿಸೀವರ್), ಒಂದು ಗಟ್ಟಿ ಪೈಪು, ಆರ್‌ಟಿಕೆಲಿಬ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಪಿಪಿಕೆ (ಗೊತ್ತಿರುವ ಜಾಗದಲ್ಲಿ ಕದಲದೆ ನಿಂತ ಇನ್ನೊಂದು ರಿಸೀವರ್, ಅಂದರೆ ಬೇಸ್, ಅದರ ದತ್ತಾಂಶ ಸೇರಿಸಿ ಆಮೇಲೆ ಹಾಕುವ ಲೆಕ್ಕ), ಸಾಕಷ್ಟು ತಾಳ್ಮೆ. ಹೇಗೆ ಮಾಡಿದೆ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗಾಡಿ ಓಡುವಾಗಲೇ ಉತ್ತರ ಬೇಕು ಎನ್ನುವವರಿಗೆ ಇದು ಉಪಯೋಗವಿಲ್ಲ. ಸಂಜೆ ಬಂದು ಕಂಪ್ಯೂಟರ್ ಮುಂದೆ ಕೂರುವವರಿಗೆ ಮಾತ್ರ.

ಅನುಮಾನಪಟ್ಟವರ ಮಾತಲ್ಲಿ ಹುರುಳಿತ್ತು. "ಫಿಕ್ಸ್ ಬಂತು ಅಂತೀಯ. ಆ ಫಿಕ್ಸ್ ಸರಿ ಅಂತ ನಿಂಗೆ ಯಾರು ಹೇಳಿದ್ರು?" ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿದ್ದರು. ಉಪಗ್ರಹಕ್ಕೂ ಆಂಟೆನಾಗೂ ನಡುವೆ ಎಷ್ಟು ಪೂರ್ತಿ ಅಲೆಗಳಿವೆ ಎಂಬ ಪೂರ್ಣಾಂಕವನ್ನು ಗಟ್ಟಿ ಮಾಡಿಕೊಳ್ಳುವುದೇ ಫಿಕ್ಸ್. ಇಡೀ ಕೆಲಸ ನಿಂತಿರುವುದು ಆ ಪ್ರಶ್ನೆಯ ಮೇಲೆ. ಮಿಕ್ಕಿದ್ದೆಲ್ಲ ಸೆಟ್ಟಿಂಗು.

ಮೊದಲ ಓಟಗಳಲ್ಲಿ ಪ್ಲಾಟ್ ತೆರೆದರೆ ಹಸಿರೋ ಹಸಿರು (ಫಿಕ್ಸ್ ಆದ ಬಿಂದುಗಳ ಬಣ್ಣ). ಫಿಕ್ಸ್ ಶೇಕಡಾ 92-93 ಇತ್ತು. ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿ ಒಂದರ ಮೇಲೊಂದು ಇಟ್ಟು ನೋಡಿದರೆ ಕೆಲವು ತುಂಡುಗಳಲ್ಲಿ ಎತ್ತರ 30-40 ಸೆಂ.ಮೀ. ಬೇರೆ. ಗೆರೆ ನಯವಾಗಿದೆ, ರೇಷಿಯೋ (ಫಿಕ್ಸ್ ನಂಬಲು ಸಾಫ್ಟ್‌ವೇರ್ ನೋಡುವ ಅಂಕಿ) 3ರ ಮೇಲಿದೆ, ಕೆಲವು ಕಡೆ 10 ದಾಟಿದೆ. ಆದರೂ ತಪ್ಪು. ಗಾಡಿ ದಟ್ಟ ಮರಗಳಿಂದ ಹೊರಬಂದ ಮೊದಲ ಕೆಲವು ಸೆಕೆಂಡುಗಳಲ್ಲಿ ಆಂಬಿಗ್ಯುಟಿ (ಆ ಅಲೆಗಳ ಎಣಿಕೆ) ತಪ್ಪು ಪೂರ್ಣಾಂಕಕ್ಕೆ ಕೂತುಬಿಡುತ್ತದೆ. ಜಿಪಿಎಸ್‌ನ ಎಲ್1 ಸಿಗ್ನಲ್‌ನ ಒಂದು ಅಲೆಯೇ ಸುಮಾರು 19 ಸೆಂ.ಮೀ., ಎಲ್2ರದ್ದು 24. ಒಂದೆರಡು ಅಲೆ ಆಚೀಚೆ ಆದರೆ ಸಾಕು. ಸಿಕ್ಕ ಫಿಕ್ಸನ್ನು ಹಿಡಿದಿಡುವ ಫಿಕ್ಸ್-ಅಂಡ್-ಹೋಲ್ಡ್ ಸೆಟ್ಟಿಂಗ್ ಹಾಕಿದ್ದರಂತೂ ಅದನ್ನೇ ಕಚ್ಚಿಕೊಂಡು ಮುಂದಿನ ಮರದ ಸಾಲಿನವರೆಗೂ ಬರುತ್ತದೆ.

ರೇಷಿಯೋ ಮಿತಿಯನ್ನು 5ಕ್ಕೆ ಏರಿಸಿದೆ, ಆಮೇಲೆ 8ಕ್ಕೆ. ಫಿಕ್ಸ್ ಶೇಕಡಾ 55ಕ್ಕೆ ಇಳಿಯಿತು. ಹೋದದ್ದರಲ್ಲಿ ಒಳ್ಳೆಯವೇ ಜಾಸ್ತಿ, ಸುಳ್ಳು ಫಿಕ್ಸ್‌ಗಳು ಮಾತ್ರ ಅಲ್ಲೇ ಇದ್ದವು. ಅತಿ ಚೆನ್ನಾಗಿ ಹೊಂದುವ ಉತ್ತರಕ್ಕೂ ಎರಡನೆಯದಕ್ಕೂ ಎಷ್ಟು ಅಂತರ ಎಂಬುದಷ್ಟೇ ರೇಷಿಯೋಗೆ ಗೊತ್ತು. ಮಲ್ಟಿಪಾತ್ (ಸುತ್ತಲಿನದಕ್ಕೆ ಬಡಿದು ಬರುವ ಸಿಗ್ನಲ್) ಎರಡನ್ನೂ ಒಂದೇ ಕಡೆ ತಳ್ಳಿದ್ದರೆ ಅದು ಏನು ಮಾಡೀತು? ಹೊರಗಿನಿಂದ ಒಂದು ಸಾಕ್ಷಿ ಬೇಕಿತ್ತು. ಓಡುವ ಗಾಡಿಗೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೇ ಉಪಕರಣ) ಕಟ್ಟುವುದಕ್ಕೆ ಆಗುವುದಿಲ್ಲ.

ಆ ಸಾಕ್ಷಿಯೇ ಪೈಪು. ಗಾಡಿಯ ತಾರಸಿ ಮೇಲೆ, ಗಾಡಿಯ ಉದ್ದಕ್ಕೆ, ಅಲ್ಯೂಮಿನಿಯಂ ಚೌಕ ಪೈಪು. ಎರಡು ತುದಿಗೆ ಎರಡು ಆಂಟೆನಾ, ನಡುವೆ ಸುಮಾರು 1.2 ಮೀಟರ್. ಗಾಡಿಯನ್ನು ತೆರೆದ ಬಯಲಲ್ಲಿ ನಿಲ್ಲಿಸಿ ಕೆಲವು ಗಂಟೆ ಸ್ಟ್ಯಾಟಿಕ್ ದತ್ತಾಂಶ ತೆಗೆದು ಆ ಉದ್ದವನ್ನು ಮಿಲಿಮೀಟರ್ ಮಟ್ಟಕ್ಕೆ ಗೊತ್ತುಮಾಡಿಕೊಂಡೆ. ಟೇಪ್ ಹಿಡಿದು ಅಳೆಯಬೇಡಿ. ನಮಗೆ ಬೇಕಾದ್ದು ಫೇಸ್ ಸೆಂಟರ್‌ಗಳ (ಆಂಟೆನಾ ಸಿಗ್ನಲ್ ಹಿಡಿಯುವ ಬಿಂದು) ನಡುವಿನ ದೂರ. ಎರಡೂ ಆಂಟೆನಾ ಒಂದೇ ಮಾದರಿಯದ್ದಾಗಿರಲಿ, ಎರಡರ ಕನೆಕ್ಟರ್ ಒಂದೇ ದಿಕ್ಕಿಗೆ ಮುಖ ಮಾಡಿರಲಿ. ಆಗ ಫೇಸ್ ಸೆಂಟರ್‌ನ ಏರುಪೇರು ಒಂದಕ್ಕೊಂದು ಕಳೆದುಹೋಗುತ್ತದೆ.

ಆಮೇಲೆ ಎರಡನ್ನೂ ಬೇರೆ ಬೇರೆಯಾಗಿ ಬೇಸ್ ಜೊತೆ ಪ್ರಾಸೆಸ್ ಮಾಡುವುದು. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಬಾರದು. ಉತ್ತರಗಳು ಬಂದ ಮೇಲೆ ಪ್ರತಿ ಎಪಾಕ್‌ನಲ್ಲೂ (ಅಳತೆಯ ಕ್ಷಣ) ಎರಡರ ನಡುವಿನ ದೂರ ಲೆಕ್ಕ ಹಾಕುವುದು. ಪೈಪಿನ ಉದ್ದ ಬಂದರೆ ಸರಿ, ಇಲ್ಲದಿದ್ದರೆ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ.

ಇಲ್ಲಿ ಒಂದು ಗುಂಡಿ ಇದೆ, ಹುಷಾರು. ಉದ್ದ ಮಾತ್ರ ನೋಡಿದರೆ ಸಾಲದು. ಪೈಪು ಮಲಗಿದೆಯಲ್ವಾ? ಒಂದು ಆಂಟೆನಾದ ಎತ್ತರ 20 ಸೆಂ.ಮೀ. ತಪ್ಪಿದರೂ ಲೆಕ್ಕದಲ್ಲಿ ಉದ್ದ 1.7 ಸೆಂ.ಮೀ. ಅಷ್ಟೇ ಜಾಸ್ತಿಯಾಗುತ್ತದೆ. ಪಕ್ಕಕ್ಕೆ 20 ಸೆಂ.ಮೀ. ಸರಿದರೂ ಅಷ್ಟೇ. ನನ್ನ ಮಿತಿ 2 ಸೆಂ.ಮೀ., ಅದರೊಳಗೆ ಎರಡೂ ನುಸುಳಿಬಿಡುತ್ತವೆ. ಅದಕ್ಕೆ ಇನ್ನೆರಡು ಪರೀಕ್ಷೆ ಸೇರಿಸಿದೆ. ಎರಡು ಆಂಟೆನಾಗಳ ಎತ್ತರದ ವ್ಯತ್ಯಾಸ ರಸ್ತೆಯ ಏರಿಳಿತಕ್ಕೆ ಹೊಂದಬೇಕು. ಪೈಪಿನ ದಿಕ್ಕು ಗಾಡಿ ಹೋಗುವ ದಿಕ್ಕಿಗೆ ಹೊಂದಬೇಕು. ಪಕ್ಕಕ್ಕೆ 20 ಸೆಂ.ಮೀ. ಸರಿದರೆ ಪೈಪು ಒಂಬತ್ತೂವರೆ ಡಿಗ್ರಿ ತಿರುಗಿದ ಹಾಗೆ ಕಾಣುತ್ತದೆ. ನೇರ ರಸ್ತೆಯಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಮೂರು ಪರೀಕ್ಷೆ ಒಟ್ಟಿಗೆ ಹಾಕಿದ ದಿನ ಸುಳ್ಳು ಫಿಕ್ಸ್‌ಗಳು ಒಂದೊಂದಾಗಿ ಎದ್ದು ನಿಂತವು. ಅಷ್ಟು ಖುಷಿಯಾಗಿದ್ದು ಈ ಕೆಲಸದಲ್ಲಿ ಅದೇ ಮೊದಲು.

ಇದರ ಮೇಲೆ ಮೂರನೇ ಬೇಸ್‌ಲೈನ್ (ಎರಡು ರಿಸೀವರ್ ನಡುವಿನ ವೆಕ್ಟರ್) ಕೂಡ ಮಾಡಬಹುದು. ಹಿಂದಿನ ಆಂಟೆನಾವನ್ನೇ ಮೂವಿಂಗ್ ಬೇಸ್ ಮಾಡಿ ಮುಂದಿನದಕ್ಕೆ ಲೆಕ್ಕ ಹಾಕುವುದು. ದೂರ 1.2 ಮೀಟರ್ ಅಷ್ಟೇ ಆದ್ದರಿಂದ ಅಯಾನುಗೋಳ, ಟ್ರೋಪೋ (ಕೆಳಗಿನ ವಾತಾವರಣ) ತರುವ ತಪ್ಪುಗಳು ಎರಡೂ ಹೆಚ್ಚುಕಡಿಮೆ ಪೂರ್ತಿ ಕಳೆದುಹೋಗುತ್ತವೆ. ಉದ್ದವೂ ಗೊತ್ತಿದೆ. ಹಾಗಾಗಿ ಈ ಫಿಕ್ಸ್ ಬೇಗ ಬರುತ್ತದೆ, ಗಟ್ಟಿಯಾಗಿಯೂ ಬರುತ್ತದೆ. ಮೂರು ವೆಕ್ಟರ್ ಸುತ್ತು ಹಾಕಿ ಕೂಡಿಸಿದರೆ ಸೊನ್ನೆಗೆ ಹತ್ತಿರ ಬರಬೇಕು. ಬರದಿದ್ದರೆ ತಪ್ಪಿರುವುದು ಉದ್ದದ ಎರಡು ಬೇಸ್‌ಲೈನ್‌ಗಳಲ್ಲಿ ಒಂದರಲ್ಲಿ.

ಸುಳ್ಳು ಸಿಕ್ಕ ಮೇಲೆ ಏನು ಮಾಡುವುದು? ಬರೀ ಎಸೆದರೆ ರಸ್ತೆ ತುಂಬ ತೂತು. ನಾನು ಪ್ರತಿ ಓಟವನ್ನೂ ಹಲವು ಬಗೆಯಲ್ಲಿ ಪ್ರಾಸೆಸ್ ಮಾಡುತ್ತೇನೆ. ಜಿಪಿಎಸ್ ಮತ್ತು ಯುರೋಪಿನ ಗೆಲಿಲಿಯೋ ಮಾತ್ರ, ಜಿಪಿಎಸ್ ಮತ್ತು ಚೀನಾದ ಬೈಡೂ ಮಾತ್ರ, ಎಲ್ಲ ಸೇರಿಸಿ. ಎಲಿವೇಷನ್ ಮಾಸ್ಕ್ (ಇದಕ್ಕಿಂತ ಕೆಳಗಿರುವ ಉಪಗ್ರಹಗಳನ್ನು ಬಿಡುವ ಕೋನ) 10, 15, 20 ಡಿಗ್ರಿ. ಓಟದ ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ. ಮರದ ಕೆಳಗಿನ ತುಂಡಿಗೆ ಕೊನೆಯಿಂದ ಬಂದ ಲೆಕ್ಕ ಎಷ್ಟೋ ಸಲ ಉಳಿಸಿದೆ, ಯಾಕೆಂದರೆ ಅದು ತೆರೆದ ಆಕಾಶದಿಂದ ಮರದೊಳಗೆ ಬರುತ್ತದೆ. ರಾತ್ರಿ ಸ್ಕ್ರಿಪ್ಟ್ ಹಾಕಿ ಮಲಗಿದರೆ ಬೆಳಿಗ್ಗೆ ಎಲ್ಲ ಉತ್ತರ ಸಿದ್ಧ. ಪೈಪಿನ ಪರೀಕ್ಷೆ ಪಾಸಾದದ್ದು ಉಳಿಯುತ್ತದೆ. ಎರಡು ಬೇರೆ ಬೇರೆ ಉತ್ತರಗಳು ಪಾಸಾದಾಗ ಯಾವುದನ್ನು ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ನನ್ನದೇ ಒಂದು ನಿಯಮ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎಸ್‌ಎನ್‌ಆರ್ (ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಳತೆ) ನೋಡಿ ತೂಕ ಕೊಡುವ ಕೋಷ್ಟಕವನ್ನೂ ಕೊಡುವುದಿಲ್ಲ. ಅದು ಆಂಟೆನಾದಿಂದ ಆಂಟೆನಾಗೆ ಬದಲಾಗುತ್ತದೆ, ನನ್ನದು ನಿಮಗೆ ಹೊಂದುವುದೂ ಇಲ್ಲ.

ಈಗ ದುಡ್ಡಿನ ವಿಷಯ. ಎರಡು ರೋವರ್ (ಗಾಡಿ ಮೇಲಿನವು) ಮತ್ತು ಒಂದು ಬೇಸ್, ಮೂರೂ ಬೋರ್ಡು ಸೇರಿಸಿದರೂ ಒಂದು ಸರ್ವೇ ದರ್ಜೆಯ ರಿಸೀವರಿನ ಬೆಲೆಯ ಹತ್ತನೇ ಒಂದು ಪಾಲು ಆಗಿರಬಹುದು. ಜೇಬಿಗೆ ಕತ್ತರಿ ಹಾಕಿದ್ದು ಆಂಟೆನಾ. ಆಯಸ್ಕಾಂತ ಇರುವ ಚಿಕ್ಕ ಪ್ಯಾಚ್ ಆಂಟೆನಾಗಳನ್ನು ಮೊದಲು ಹಾಕಿದೆ. ಕೆಳಗೆ ಲೋಹದ ತಟ್ಟೆ ಇಟ್ಟರೂ ಪೈಪಿನ ಉದ್ದ ಗಾಡಿ ತಿರುಗಿದ ಹಾಗೆಲ್ಲ 1-2 ಸೆಂ.ಮೀ. ಏರಿಳಿಯುತ್ತಿತ್ತು. ಪರೀಕ್ಷೆಯ ಮಿತಿಯೇ 2 ಸೆಂ.ಮೀ. ಇರುವಾಗ ಇದು ಆಗದ ಮಾತು. ಕೊನೆಗೆ ಸರ್ವೇ ಬಗೆಯ ಆಂಟೆನಾ ಮೂರು ಕೊಂಡೆ. ಬೋರ್ಡುಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಖರ್ಚು. ಒಂದು ಸಲ ಮಾಡುವ ಖರ್ಚು ಅಂತ ಸಮಾಧಾನ. ಕರೆಕ್ಷನ್ ಸೇವೆಯ ಚಂದಾ ಕಟ್ಟಿಲ್ಲ, ಸಾಫ್ಟ್‌ವೇರ್‌ಗೆ ಕಾಸು ಕೊಟ್ಟಿಲ್ಲ. ಆರ್‌ಟಿಕೆಲಿಬ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತೊಮೊಜಿ ತಕಾಸು ಅವರಿಗೆ ನಾವೆಲ್ಲ ಋಣಿಗಳು.

ಸ್ವಂತ ಬೇಸ್ ಯಾಕೆ ಬೇಕಾಯಿತು ಎಂದೂ ಹೇಳಬೇಕು. ಶುರುವಿನಲ್ಲಿ ಹತ್ತಿರದ ಒಂದು ಸಾರ್ವಜನಿಕ ಸ್ಟೇಷನ್‌ನ ರೈನೆಕ್ಸ್ ಫೈಲನ್ನೇ (ರಿಸೀವರ್ ದತ್ತಾಂಶದ ಸಾಮಾನ್ಯ ರೂಪ) ಬೇಸ್ ಆಗಿ ಬಳಸುತ್ತಿದ್ದೆ. ಗೆಲಿಲಿಯೋದಲ್ಲಿ ಎರಡನೇ ಫ್ರೀಕ್ವೆನ್ಸಿ ಕೆಲಸಕ್ಕೇ ಬರುತ್ತಿರಲಿಲ್ಲ. ಹೆಡರ್ ತೆಗೆದು ನೋಡಿದರೆ ಆ ಫೈಲಿನಲ್ಲಿ ಇದ್ದದ್ದು ಇ5ಎ ಸಿಗ್ನಲ್, ನನ್ನ ಬೋರ್ಡು ಹಿಡಿಯುವುದು ಇ5ಬಿ. ಒಂದೇ ಕಡೆ ಇರುವ ಸಿಗ್ನಲ್‌ನಿಂದ ಡಬಲ್ ಡಿಫರೆನ್ಸ್ (ಎರಡು ರಿಸೀವರ್, ಎರಡು ಉಪಗ್ರಹಗಳ ಅಳತೆ ಕಳೆಯುವ ಲೆಕ್ಕ) ಎಲ್ಲಿಂದ ಬರಬೇಕು? ಜಿಪಿಎಸ್‌ನಲ್ಲೂ ಇಂಥದ್ದೇ. ನಮ್ಮ ಬೋರ್ಡು ನೋಡುವುದು ಎಲ್2ಸಿ ಸಿಗ್ನಲ್. ಅದು ಐಐಆರ್-ಎಂ ಬ್ಲಾಕ್‌ನಿಂದ (ಉಪಗ್ರಹಗಳ ಒಂದು ಪೀಳಿಗೆ) ಈಚಿನ ಉಪಗ್ರಹಗಳಲ್ಲಿ ಮಾತ್ರ ಇದೆ. ರಷ್ಯಾದ ಗ್ಲೋನಾಸ್ ಇನ್ನೊಂದು ಕಾಟ. ಅದರ ಹಳೆಯ ಸಿಗ್ನಲ್‌ಗಳಲ್ಲಿ ಉಪಗ್ರಹಗಳು ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಪ್ರಸಾರ ಮಾಡುತ್ತವೆ, ಬೇರೆ ತಯಾರಕರ ರಿಸೀವರ್ ಸೇರಿಸಿದರೆ ಚಾನೆಲ್‌ಗಳ ನಡುವಿನ ಬಯಾಸ್ (ಸ್ಥಿರ ವ್ಯತ್ಯಾಸ) ಹೊಂದುವುದಿಲ್ಲ. ಮೂರನೇ ಎಫ್9ಪಿ ತಂದು ಬೇಸ್ ಮಾಡಿದ ದಿನವೇ ಸಿಗ್ನಲ್ ಹೊಂದದ ತಾಪತ್ರಯ ಮುಗಿಯಿತು. ಗ್ಲೋನಾಸ್ ಫಿಕ್ಸ್ ಕೂಡ ಬರತೊಡಗಿತು.

ಬೇಸ್‌ನ ಕೋಆರ್ಡಿನೇಟ್‌ಗೆ 24 ಗಂಟೆಯ ಲಾಗ್ ತೆಗೆದು ಆನ್‌ಲೈನ್ ಪಿಪಿಪಿ ಸೇವೆಗೆ (ಬೇರೆ ಬೇಸ್ ಇಲ್ಲದೆ ಜಾಗ ಲೆಕ್ಕ ಹಾಕಿಕೊಡುವುದು) ಹಾಕಿದೆ. ಐಜಿಎಸ್ ಎಂಬ ಅಂತರರಾಷ್ಟ್ರೀಯ ಸೇವೆಯ ಫೈನಲ್ ಆರ್ಬಿಟ್‌ಗೆ (ಉಪಗ್ರಹಗಳ ನಿಖರ ಕಕ್ಷೆ) ಎರಡು ವಾರ ಹತ್ತಿರ ಕಾಯಬೇಕು, ಕಾದೆ. ಬೇಗ ಸಿಗುವ ಅಲ್ಟ್ರಾ-ರ‍್ಯಾಪಿಡ್‌ನಲ್ಲಿ ಬಂದ ಉತ್ತರಕ್ಕೂ ಅದಕ್ಕೂ ಸೆಂಟಿಮೀಟರ್ ಆಸುಪಾಸಿನ ವ್ಯತ್ಯಾಸ ಇತ್ತು. ಬರುವ ಉತ್ತರ ಐಟಿಆರ್‌ಎಫ್ ಎಂಬ ಜಾಗತಿಕ ಚೌಕಟ್ಟಿನಲ್ಲಿ, ಆ ದಿನದ ಲೆಕ್ಕಕ್ಕೆ ಇರುತ್ತದೆ ಎನ್ನುವುದು ನೆನಪಿರಲಿ. ಹಳೆಯ ಕಂಟ್ರೋಲ್ ಪಾಯಿಂಟ್ ಜೊತೆ ಹೋಲಿಸಿ ಗಾಬರಿಯಾದವರನ್ನು ನೋಡಿದ್ದೇನೆ. ನೆಲವೇ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸರಿಯುತ್ತದೆ. ಆಸ್ಟ್ರೇಲಿಯಾದವರು ತಮ್ಮ 1994ರ ಡೇಟಮ್ (ಕೋಆರ್ಡಿನೇಟ್‌ಗಳ ಆಧಾರ) ಬಿಟ್ಟು 2020ರದ್ದಕ್ಕೆ ಬಂದಾಗ ಸುಮಾರು 1.8 ಮೀಟರ್ ವ್ಯತ್ಯಾಸ ಬಂದಿತ್ತು.

ಲಾಗ್‌ನಲ್ಲಿ ತೂತು ಬೀಳುತ್ತಿದ್ದರೆ ಮೆಮೊರಿ ಕಾರ್ಡನ್ನು ಬೈಯುವ ಮೊದಲು ಲೆಕ್ಕ ಹಾಕಿ. ರಾ ಸಂದೇಶದಲ್ಲಿ ಒಂದೊಂದು ಸಿಗ್ನಲ್‌ಗೆ 32 ಬೈಟ್. 55 ಸಿಗ್ನಲ್, ಸೆಕೆಂಡಿಗೆ 5 ಸಲ ಎಂದರೆ 9 ಕಿಲೋಬೈಟ್ ಹತ್ತಿರ ಬರುತ್ತದೆ. 115200 ಬಾಡ್‌ನಲ್ಲಿ (ಸೀರಿಯಲ್ ಪೋರ್ಟಿನ ವೇಗ) ಸೆಕೆಂಡಿಗೆ ಹೋಗುವುದೇ ಹನ್ನೊಂದೂವರೆ ಕಿಲೋಬೈಟ್. ಮೇಲೆ ನ್ಯಾವಿಗೇಷನ್ ಸಂದೇಶಗಳು ಬೇರೆ. ಉಪಗ್ರಹ ಜಾಸ್ತಿ ಕಂಡ ಹೊತ್ತಲ್ಲೇ ದತ್ತಾಂಶ ಕಳೆದುಹೋಗುತ್ತದೆ. 460800 ಇಟ್ಟರೆ ನಿಶ್ಚಿಂತೆ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಜಿಪಿಎಸ್ ಉಪಗ್ರಹಗಳು ಅದೇ ಜಾಗಕ್ಕೆ ಪ್ರತಿದಿನ ಸುಮಾರು 4 ನಿಮಿಷ ಮೊದಲೇ ಬರುತ್ತವೆ. ಹಾಗಾಗಿ ಬೇಸ್‌ನ ಮಲ್ಟಿಪಾತ್ ಕೂಡ ಅಷ್ಟೇ ಜರುಗಿ ಮರುಕಳಿಸುತ್ತದೆ. ಹಿಂದಿನ ದಿನಗಳ ರೆಸಿಡುವಲ್ (ಲೆಕ್ಕಕ್ಕೆ ಹೊಂದದೆ ಉಳಿದ ತಪ್ಪು) ಸರಾಸರಿ ಮಾಡಿ ಕಳೆದು ನೋಡಿದೆ. ಗ್ರಾಫ್ ನೋಡಲು ಬಲು ಚೆಂದ. ಸಿಕ್ಕ ಲಾಭ ಕೆಲವೇ ಮಿಲಿಮೀಟರ್. ಗೆಲಿಲಿಯೋ ಮರುಕಳಿಸುವುದು ಸುಮಾರು 10 ದಿನಕ್ಕೊಮ್ಮೆ, ಅಷ್ಟು ಕಾಯುವ ವ್ಯವಧಾನ ನನಗಿರಲಿಲ್ಲ. ಗಾಡಿಯ ಕೆಲಸಕ್ಕೆ ಇದು ಬೇಡ, ಅಣೆಕಟ್ಟಿನ ಚಲನೆ ಅಳೆಯುವವರು ಮಾಡಲಿ.

ಫೋನನ್ನೂ ಅದೇ ಪೈಪಿಗೆ ಕಟ್ಟಿ ಓಡಿಸಿದೆ. ಡೆವಲಪರ್ ಆಯ್ಕೆಗಳಲ್ಲಿ ಪೂರ್ತಿ ಜಿಎನ್‌ಎಸ್‌ಎಸ್ (ಉಪಗ್ರಹ ಸಿಗ್ನಲ್) ಅಳತೆ ಆನ್ ಮಾಡದಿದ್ದರೆ ಫೇಸ್ (ಅಲೆಯ ಅಳತೆ) ತುಂಡುತುಂಡಾಗಿ ಬರುತ್ತದೆ, ಯಾಕೆಂದರೆ ಬ್ಯಾಟರಿ ಉಳಿಸಲು ಚಿಪ್ಪು ಆಗಾಗ ಮಲಗುತ್ತದೆ. ಆನ್ ಮಾಡಿದ ಮೇಲೂ ತೆರೆದ ರಸ್ತೆಯಲ್ಲಿ ಅರ್ಧ ಮೀಟರ್ ಸುತ್ತಮುತ್ತ ಬಂತು, ಮರದ ಕೆಳಗೆ ಎರಡು-ಮೂರು ಮೀಟರ್. ಫೋನಿನ ಆಂಟೆನಾಗೆ ಮಲ್ಟಿಪಾತ್ ತಡೆಯುವ ಶಕ್ತಿಯೇ ಇಲ್ಲ.

2024ರ ಮೇ 10-11ರ ದೊಡ್ಡ ಭೂಕಾಂತ ಬಿರುಗಾಳಿಯ ದಿನಗಳ ಸಾರ್ವಜನಿಕ ದತ್ತಾಂಶ ಇಳಿಸಿಕೊಂಡು ನನ್ನ ಸೆಟ್ಟಿಂಗ್‌ನಲ್ಲೇ ಓಡಿಸಿದ್ದೆ. ಅಮೆರಿಕದ ರೈತರ ಟ್ರ್ಯಾಕ್ಟರುಗಳು ದಾರಿ ತಪ್ಪಿ ಬಿತ್ತನೆ ನಿಲ್ಲಿಸಿದ್ದು ಆಗಲೇ. 30-40 ಕಿಲೋಮೀಟರ್ ಬೇಸ್‌ಲೈನ್‌ಗಳಲ್ಲಿ ಫಿಕ್ಸ್ ನಿಲ್ಲಲೇ ಇಲ್ಲ. 5 ಕಿಲೋಮೀಟರ್ ಒಳಗಿನವು ತಡೆದುಕೊಂಡವು. ಅಂದಿನಿಂದ ಬೇಸ್ ಅನ್ನು 10 ಕಿಲೋಮೀಟರ್ ಆಚೆ ಇಡುವುದಿಲ್ಲ.

ಕೊನೆಗೆ ಬಂದ ಅಂಕಿಗಳು, ನೆನಪಿನಿಂದ. ರಸ್ತೆ ಬದಿಯ ಗುರುತುಗಳನ್ನು ಟೋಟಲ್ ಸ್ಟೇಷನ್‌ನಿಂದ ಅಳೆದು, ಗಾಡಿಯನ್ನು ಅವುಗಳ ಪಕ್ಕ ನಿಲ್ಲಿಸಿ ಹೋಲಿಸಿದೆವು. ಅಡ್ಡಡ್ಡ 2ರಿಂದ 3 ಸೆಂ.ಮೀ., ಎತ್ತರದಲ್ಲಿ 4ರ ಹತ್ತಿರ. ದಟ್ಟ ಮರದ ತುಂಡುಗಳಲ್ಲಿ ಶೇಕಡಾ 12-15ರಷ್ಟು ಎಪಾಕ್ ಎಸೆಯಬೇಕಾಯಿತು. ಉಳಿದದ್ದರಲ್ಲಿ ಒಂದೇ ಒಂದು ದೊಡ್ಡ ತಪ್ಪು ಸಿಗಲಿಲ್ಲ. ಅದೇ ರಸ್ತೆಯಲ್ಲಿ ದುಬಾರಿ ರಿಸೀವರ್ ಒಂದನ್ನು ರಿಯಲ್ ಟೈಮ್‌ನಲ್ಲಿ ಓಡಿಸಿದ್ದರು. ಅದರಲ್ಲಿ ಸುಳ್ಳು ಫಿಕ್ಸ್ ಇದ್ದವು, ಅವನ್ನು ತೋರಿಸಿಕೊಟ್ಟಿದ್ದೂ ನನ್ನ ಪೈಪೇ. ಪ್ರಶ್ನೆ ಕೇಳಿದ್ದ ಹಿರಿಯರು ಪಟ್ಟಿಯನ್ನು ಸಾಲುಸಾಲಾಗಿ ನೋಡಿ, "ನಮ್ಮ ಗಾಡಿಗೂ ಒಂದು ಪೈಪ್ ಹಾಕಿಕೊಡಪ್ಪಾ" ಎಂದರು. ಹಾಕಿಕೊಟ್ಟೆ.

ಈ ಪೈಪಿಗೆ ಕಾಣದ ತಪ್ಪು ಒಂದಿದೆ. ಬೇಸ್‌ನಲ್ಲೇ ಸೈಕಲ್ ಸ್ಲಿಪ್ (ಅಲೆಗಳ ಎಣಿಕೆ ತಪ್ಪುವುದು) ಆದರೆ ಎರಡೂ ಆಂಟೆನಾ ಒಟ್ಟಿಗೆ, ಒಂದೇ ಕಡೆಗೆ ಸರಿಯುತ್ತವೆ. ಉದ್ದ, ಇಳಿಜಾರು, ದಿಕ್ಕು, ಎಲ್ಲವೂ ಪಾಸ್. ಅದಕ್ಕೆ ನಾಲ್ಕನೇ ಬೋರ್ಡು ತಂದು ಇನ್ನೊಂದು ಬೇಸ್ ಹಾಕಿದ್ದೇನೆ, ಮೊದಲನೆಯದರಿಂದ ಎರಡು ಕಿಲೋಮೀಟರ್ ದೂರದಲ್ಲಿ. ಎರಡು ಬೇಸ್‌ಗಳ ನಡುವಿನ ವೆಕ್ಟರ್ ಬದಲಾಗಬಾರದು. ಬದಲಾದ ನಿಮಿಷಗಳನ್ನು ಸ್ಕ್ರಿಪ್ಟ್ ತಾನೇ ಗುರುತು ಹಾಕುತ್ತದೆ. ಈ ಭಾಗ ಇನ್ನೂ ಪರೀಕ್ಷೆಯಲ್ಲಿದೆ. ಮಳೆಗಾಲದ ದತ್ತಾಂಶ ಸಿಕ್ಕ ಮೇಲೆ ಅದರ ಅಂಕಿಗಳನ್ನೂ ಬರೆಯುತ್ತೇನೆ.